ಮೈಮೇಲಿನ ಸೆನ್ಸರ್‌ಗಳಿಂದ ನಿದ್ರೆಯ ಅಳತೆ ಮತ್ತು ಸ್ಲೀಪ್ ಅಪ್ನಿಯಾ ತಪಾಸಣೆ

ಕೈಗಡಿಯಾರ, ಉಂಗುರ, ಬೆರಳಿನ ಕ್ಲಿಪ್ ಅಥವಾ ಹಾಸಿಗೆಯಡಿಯ ಹಾಳೆಯಲ್ಲಿ ಕೂರಿಸಿದ ಸೆನ್ಸರ್‌ಗಳು ಮಲಗಿದವರ ಮಿಸುಕಾಟ, ನಾಡಿ, ಉಸಿರು ಮತ್ತು ರಕ್ತದ ಆಮ್ಲಜನಕವನ್ನು ರಾತ್ರಿಯಿಡೀ ದಾಖಲಿಸುತ್ತವೆ. ಆ ದಾಖಲೆಯಿಂದ ನಿದ್ರೆಯ ಅವಧಿ ಹಾಗೂ ಹಂತಗಳನ್ನು ಅಂದಾಜು ಮಾಡುವುದು, ನಿದ್ರೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ ಕಾಯಿಲೆಯ ಸುಳಿವು ಹಿಡಿಯುವುದು ಈಚಿನ ಒಂದೆರಡು ದಶಕಗಳಲ್ಲಿ ಬೆಳೆದ ವಿಧಾನ. ಇಂಥ ಸಲಕರಣೆಗಳನ್ನು ತಯಾರಿಸುವ ಕಂಪನಿಗಳು ಬೆಂಗಳೂರಿನಲ್ಲೇ ಇವೆ. ಅವುಗಳ ಅಗತ್ಯ ಹೆಚ್ಚಾಗಿರುವುದು ನಿದ್ರಾ ಪ್ರಯೋಗಾಲಯಗಳಿಂದ ದೂರವಿರುವ ಊರುಗಳಲ್ಲಿ. ಚಿಕ್ಕಮಗಳೂರು ಜಿಲ್ಲೆಯ ವಸ್ತಾರೆ, ಆಲ್ದೂರು, ಮೂಡಿಗೆರೆ, ಕಳಸದ ಕಾಫಿ ಸೀಮೆ ಅಂಥದ್ದೊಂದು ಪ್ರದೇಶ. ಇಲ್ಲಿಂದ ಬೆಂಗಳೂರು ಇನ್ನೂರು ಕಿಲೋಮೀಟರಿಗೂ ಆಚೆ. ಮಂಗಳೂರಿಗೆ ಹೋಗಬೇಕಾದರೆ ಚಾರ್ಮಾಡಿಯಂಥ ಘಾಟಿ ಇಳಿಯಬೇಕು. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿ ಪರೀಕ್ಷೆ ಮಾಡಿಸಿಕೊಂಡು ಬರುವುದೆಂದರೆ ತೋಟದ ಕೆಲಸಗಾರನಿಗೆ ಎರಡು ಮೂರು ದಿನದ ಕೂಲಿ ಹೋದಂತೆ. ಸ್ಮಾರ್ಟ್‌ವಾಚ್ ಮಾತ್ರ ಆಗಲೇ ಊರಿನ ಹುಡುಗರ ಕೈಮೇಲಿದೆ.

ಕಾಯಿಲೆಯ ಸ್ವರೂಪ

ನಿದ್ರೆಗೆ ಜಾರಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುವುದು ಸಹಜ. ಕೆಲವರಲ್ಲಿ ಆ ಸಡಿಲಿಕೆಯಿಂದ ಉಸಿರಿನ ದಾರಿಯೇ ಮುಚ್ಚಿಕೊಳ್ಳುತ್ತದೆ. ಎದೆ ಮತ್ತು ಹೊಟ್ಟೆ ಉಸಿರೆಳೆಯಲು ಹೆಣಗುತ್ತಿರುತ್ತವೆ, ಗಾಳಿ ಒಳಗೆ ಹೋಗುವುದಿಲ್ಲ. ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಹೀಗಾದರೆ ಅದು ಅಪ್ನಿಯಾ. ಗಾಳಿ ಪೂರ್ತಿ ನಿಲ್ಲದೆ ಬಹಳ ಕುಗ್ಗಿ, ಅದರ ಜೊತೆಗೆ ಆಮ್ಲಜನಕ ಇಳಿದರೆ ಅಥವಾ ಮಿದುಳು ಎಚ್ಚೆತ್ತರೆ ಅದು ಹೈಪಾಪ್ನಿಯಾ. ಮಿದುಳು ಗಾಬರಿಬಿದ್ದು ಅರೆಕ್ಷಣ ಎಚ್ಚರಗೊಂಡಾಗ ಗಂಟಲು ತೆರೆದು, ದೊಡ್ಡ ಗೊರಕೆಯೊಂದಿಗೆ ಉಸಿರು ಮರಳುತ್ತದೆ. ಮಲಗಿದವರಿಗೆ ಬೆಳಗ್ಗೆ ಇದ್ಯಾವುದೂ ನೆನಪಿರುವುದಿಲ್ಲ. ಗಂಟೆಗೆ ಸರಾಸರಿ ಇಂಥ ಎಷ್ಟು ಅಡಚಣೆ ಎಂಬ ಲೆಕ್ಕವೇ ರೋಗದ ಅಳತೆಗೋಲು: 5ರಿಂದ 15ರೊಳಗಿದ್ದರೆ ಸೌಮ್ಯ, 15ರಿಂದ 30ರೊಳಗೆ ಮಧ್ಯಮ, ಅದಕ್ಕೂ ಮೇಲಾದರೆ ತೀವ್ರ. ತೀವ್ರ ರೋಗಿಯ ಉಸಿರಿಗೆ ಎರಡೆರಡು ನಿಮಿಷಕ್ಕೊಮ್ಮೆಯಾದರೂ ಅಡ್ಡಿ ಬೀಳುತ್ತದೆ, ಅದೂ ಬೆಳಗಿನ ತನಕ. ಉಸಿರಾಡಬೇಕೆಂಬ ಆಜ್ಞೆಯೇ ಮಿದುಳಿನಿಂದ ಹೊರಡದಿರುವ ಇನ್ನೊಂದು ಬಗೆಯೂ ಇದೆ. ಅದು ಕಡಿಮೆ ಜನರಲ್ಲಿ, ಹೆಚ್ಚಾಗಿ ಹೃದಯ ದುರ್ಬಲವಾದವರಲ್ಲಿ ಕಾಣುತ್ತದೆ.

ರಕ್ತದೊತ್ತಡ, ಹೃದಯದ ಲಯ ತಪ್ಪುವಿಕೆ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ ಇವಕ್ಕೆಲ್ಲ ಅಪ್ನಿಯಾದ ನಂಟಿದೆ. ಮೂರು ಬಗೆಯ ಮಾತ್ರೆ ನುಂಗಿದರೂ ಬಿ.ಪಿ. ಹತೋಟಿಗೆ ಬಾರದವರಲ್ಲಿ ಇದನ್ನು ಹುಡುಕಲೇಬೇಕು. ಹುಡುಕುವವರು ಕಡಿಮೆ. ಅದಕ್ಕೆ ಮುಖ್ಯ ಕಾರಣ, ನಮ್ಮ ಮನೆಗಳಲ್ಲಿ ಗೊರಕೆಯನ್ನು ಒಳ್ಳೆಯ ನಿದ್ರೆಯ ಲಕ್ಷಣವೆಂದು ಎಣಿಸುವುದು. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂದು ಹೇಳಿ, ಬಸ್ಸಿನಲ್ಲಿ, ಜಗಲಿಯಲ್ಲಿ, ಮಾತಿನ ನಡುವೆ ಕೂತಲ್ಲೇ ತೂಕಡಿಸುವವರನ್ನು ನಿಶ್ಚಿಂತರ ಪಟ್ಟಿಗೆ ಸೇರಿಸಿಬಿಡುತ್ತೇವೆ. ಆ ಮನುಷ್ಯ ರಾತ್ರಿಯೆಲ್ಲ ಉಸಿರಿಗಾಗಿ ಹೋರಾಡಿ ದಣಿದಿರಬಹುದು. ಬೆಳಗಿನ ತಲೆನೋವು, ಒಣಗಿದ ಬಾಯಿ, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು, ಮರೆವು, ಸಿಡುಕು ಇವು ಉಳಿದ ಚಿಹ್ನೆಗಳು. ಹೆಂಗಸರಲ್ಲಿ ರೋಗ ಇನ್ನೂ ಮರೆಯಾಗಿರುತ್ತದೆ. ಅವರು ಗೊರಕೆಗಿಂತ ಸುಸ್ತು, ನಿದ್ದೆ ಬಾರದಿರುವುದು ಎಂದು ಹೇಳಿಕೊಳ್ಳುತ್ತಾರೆ, ರಕ್ತ ಕಡಿಮೆಯಿದೆ ಎಂಬ ಉತ್ತರದೊಂದಿಗೆ ಕಬ್ಬಿಣದ ಮಾತ್ರೆ ಹಿಡಿದು ಮನೆಗೆ ಬರುತ್ತಾರೆ. 2022ರ ಫೆಬ್ರುವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ತೀರಿಕೊಂಡಾಗ ವೈದ್ಯರು ಕಾರಣಗಳಲ್ಲಿ ಈ ಕಾಯಿಲೆಯನ್ನೂ ಹೆಸರಿಸಿದರು. ದೇಶದ ಎಷ್ಟೋ ಜನ ಅದರ ಹೆಸರನ್ನು ಮೊದಲು ಕೇಳಿದ್ದೇ ಆಗ.

ದೆಹಲಿಯ ಏಮ್ಸ್ ವೈದ್ಯರು ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಶೇ. 11 ಮಂದಿಗೆ ಅಪ್ನಿಯಾ ಇದೆ, ಗಂಡಸರಲ್ಲಿ ಶೇ. 13, ಹೆಂಗಸರಲ್ಲಿ ಶೇ. 5. ದುಡಿಯುವ ವಯಸ್ಸಿನವರಲ್ಲೇ 10.4 ಕೋಟಿ ಜನ. ಅವರಲ್ಲಿ 4.7 ಕೋಟಿ ಜನರದ್ದು ಮಧ್ಯಮ ಅಥವಾ ತೀವ್ರ ಹಂತ. ತೂಕ, ದಪ್ಪ ಕುತ್ತಿಗೆ, ವಯಸ್ಸು, ಚಿಕ್ಕ ದವಡೆ, ದೊಡ್ಡ ಟಾನ್ಸಿಲ್ ಇವು ಕಾರಣಗಳು. ದವಡೆಯ ರಚನೆಯಿಂದಾಗಿ ಅಷ್ಟೇನೂ ದಪ್ಪಗಿಲ್ಲದವರಿಗೂ ಇದು ಬರುತ್ತದೆ. ಮಲಗುವ ಮುಂಚೆ ಕುಡಿದ ಮದ್ಯ ಗಂಟಲನ್ನು ಇನ್ನಷ್ಟು ಸಡಿಲಗೊಳಿಸುತ್ತದೆ. ಚಳಿ, ದಣಿವು ಎಂದು ಸಂಜೆಯ ಗುಟುಕು ರೂಢಿಯಾಗಿರುವ ಕಡೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ.

ಪ್ರಯೋಗಾಲಯದಿಂದ ಮಣಿಕಟ್ಟಿಗೆ

ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳ ದಾಖಲೆಯನ್ನು ಪ್ರಕಟಿಸಿದ ಮೇಲೆ ನಿದ್ರೆ ಅಳೆಯಬಹುದಾದ ವಸ್ತುವಾಯಿತು. 1953ರಲ್ಲಿ ಷಿಕಾಗೋದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಕಣ್ಣುಗುಡ್ಡೆಗಳು ಸರಸರ ಚಲಿಸುವ ಕನಸಿನ ಹಂತವನ್ನು ಗುರುತಿಸಿದರು. ನಿದ್ರೆಯಲ್ಲಿ ಉಸಿರುಕಟ್ಟುವುದನ್ನು 1965ರಲ್ಲಿ ಫ್ರಾನ್ಸಿನ ಗಾಸ್ತೋ ತಂಡವೂ ಜರ್ಮನಿಯ ಯುಂಗ್ ಮತ್ತು ಕೂಲೋ ಅವರೂ ಬೇರೆಬೇರೆಯಾಗಿ ದಾಖಲಿಸಿದರು. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ಮೂಗಿನ ಮಾಸ್ಕಿನ ಮೂಲಕ ಒತ್ತಡದ ಗಾಳಿ ಹಾಯಿಸಿ ಗಂಟಲು ಮುಚ್ಚದಂತೆ ತಡೆಯುವ ಸಿಪ್ಯಾಪ್ ಚಿಕಿತ್ಸೆಯನ್ನು ಪ್ರಕಟಿಸಿದರು. ಇವತ್ತಿಗೂ ಮುಖ್ಯ ಚಿಕಿತ್ಸೆ ಅದೇ.

ರೋಗನಿರ್ಣಯದ ಮಾನದಂಡವಾಗಿ ಉಳಿದಿರುವುದು ಪಾಲಿಸೋಮ್ನೋಗ್ರಫಿ. ತಲೆ, ಕಣ್ಣಿನ ಅಂಚು, ಗದ್ದ, ಎದೆ ಮತ್ತು ಕಾಲುಗಳಿಗೆ ತಂತಿ, ಮೂಗಿಗೆ ಗಾಳಿಯ ಹರಿವು ಅಳೆಯುವ ನಳಿಕೆ, ಎದೆ ಹೊಟ್ಟೆಗಳಿಗೆ ಪಟ್ಟಿ, ಬೆರಳಿಗೆ ಆಕ್ಸಿಮೀಟರ್. ತಂತ್ರಜ್ಞರು ಇಡೀ ರಾತ್ರಿಯನ್ನು 30 ಸೆಕೆಂಡಿನ ತುಣುಕುಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಹಂತ ಗುರುತಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ನ್ಯೂರೋಫಿಸಿಯಾಲಜಿ ವಿಭಾಗ ಈ ವಿದ್ಯೆಯಲ್ಲಿ ಹಳೆಯದು. ಅಲ್ಲಿನ ಬಿಂದು ಎಂ. ಕುಟ್ಟಿ ಮತ್ತು ಸಂಗಡಿಗರು ಧ್ಯಾನ ಮಾಡುವವರ ನಿದ್ರೆಯನ್ನು ಇದೇ ವಿಧಾನದಲ್ಲಿ ಅಳೆದು 2006ರಲ್ಲಿ ಪ್ರಕಟಿಸಿದರು. ವಯಸ್ಸಾದಂತೆ ಕ್ಷೀಣಿಸುವ ಗಾಢನಿದ್ರೆ ವಿಪಶ್ಯನ ಮತ್ತು ಸುದರ್ಶನ ಕ್ರಿಯೆಯ ಸಾಧಕರಲ್ಲಿ ಚೆನ್ನಾಗಿ ಉಳಿದಿತ್ತೆಂಬುದು ಅವರು ಕಂಡದ್ದು. ಗಾಢನಿದ್ರೆ ಇದೆಯೋ ಇಲ್ಲವೋ ಎಂದು ಹೇಳಲು ಅವರಿಗೆ ಮಿದುಳಿನ ಅಲೆ ಬೇಕಾಯಿತು. ಕೈಗಡಿಯಾರದಲ್ಲಿ ಆ ಅಲೆಯನ್ನು ಅಳೆಯುವ ಸೌಕರ್ಯವೇ ಇಲ್ಲ. ಅದು ಅಳೆಯುವುದು ಕೈಯ ಚಲನೆ ಮತ್ತು ರಕ್ತದ ಮಿಡಿತ, ಉಳಿದದ್ದು ಲೆಕ್ಕಾಚಾರ. ಬೆಳಗ್ಗೆ ಪರದೆಯ ಮೇಲೆ ಗಾಢನಿದ್ರೆ 52 ನಿಮಿಷ ಎಂದು ಕಂಡರೆ ಅದನ್ನು ಅಂದಾಜೆಂದೇ ಓದಬೇಕು.

ಸೆನ್ಸರ್‌ಗಳು ಕೆಲಸ ಮಾಡುವ ಬಗೆ

ಮೊದಲನೆಯದು ಚಲನೆ ಅಳೆಯುವ ಆಕ್ಸೆಲರೋಮೀಟರ್. ಕೈ ಬಹಳ ಹೊತ್ತು ಅಲುಗದಿದ್ದರೆ ನಿದ್ರೆ, ಅಲುಗಿದರೆ ಎಚ್ಚರ ಎಂಬ ಸರಳ ತತ್ತ್ವದ ಮೇಲೆ 1970ರ ದಶಕದಿಂದಲೇ ಸಂಶೋಧಕರು ಇದನ್ನು ಬಳಸುತ್ತಿದ್ದಾರೆ. ನಿದ್ರೆಯನ್ನು ನಿದ್ರೆಯೆಂದು ಗುರುತಿಸುವುದರಲ್ಲಿ ಇದು ಚುರುಕು, ಎಚ್ಚರವನ್ನು ಗುರುತಿಸುವುದರಲ್ಲಿ ಮಂದ. ಮಿಸುಕದೆ ಬೆಳಗಿನ ತನಕ ಚಾವಣಿ ನೋಡುತ್ತ ಮಲಗಿದವರಿಗೂ ‘ಏಳು ಗಂಟೆ ನಿದ್ರೆ’ ಎಂದು ಬರೆದುಕೊಡುತ್ತದೆ. ಈಗಿನ ಸೆನ್ಸರ್‌ಗಳು ಎಷ್ಟು ಸೂಕ್ಷ್ಮವೆಂದರೆ ಉಸಿರಿನೊಂದಿಗೆ ಮಣಿಕಟ್ಟು ಏರಿಳಿಯುವ ಕೂದಲೆಳೆಯಷ್ಟು ಚಲನೆಯನ್ನೂ ಹಿಡಿಯುತ್ತವೆ.

ಎರಡನೆಯದು ಬೆಳಕು. ಗಡಿಯಾರದ ತಳದಲ್ಲಿ ಹಸಿರಾಗಿ ಮಿನುಗುವ ದೀಪ ಚರ್ಮದೊಳಗಿನ ರಕ್ತದ ಪ್ರಮಾಣ ಪ್ರತಿ ಬಡಿತಕ್ಕೂ ಏರಿಳಿಯುವುದನ್ನು ಓದುತ್ತದೆ. ಆಮ್ಲಜನಕ ಅಳೆಯುವುದಕ್ಕೆ ಕೆಂಪು ಮತ್ತು ಅವಗೆಂಪು ಬೆಳಕು ಬೇಕು. ಆಮ್ಲಜನಕ ಹೊತ್ತ ರಕ್ತ ಅವಗೆಂಪನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಕಳೆದುಕೊಂಡದ್ದು ಕೆಂಪನ್ನು. ಈ ಎರಡರ ಅನುಪಾತವೇ ಪರದೆಯ ಮೇಲಿನ ಶೇಕಡಾವಾರು. ಜಪಾನಿನ ತಕುವೊ ಅಒಯಾಗಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಈ ತತ್ತ್ವವನ್ನು ಕೋವಿಡ್ ವರ್ಷಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬೆರಳಿನ ಕ್ಲಿಪ್ಪಾಗಿ ತಂದರು. 95ಕ್ಕಿಂತ ಕೆಳಗಿಳಿದರೆ ಎಚ್ಚರ ವಹಿಸಬೇಕೆಂಬುದು ಹಳ್ಳಿಗಳಲ್ಲೂ ಮನೆಮಾತಾದದ್ದು ಹಾಗೆ.

ಅದೇ ಬಗೆಯ ಆದರೆ ರಾತ್ರಿಯ ದಾಖಲೆಯನ್ನು ನೆನಪಿನಲ್ಲಿಡುವ ಆಕ್ಸಿಮೀಟರ್ ತೊಟ್ಟು ಮಲಗಿದವರ ಗ್ರಾಫನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಆರೋಗ್ಯವಂತರ ಗೆರೆ 95, 96, 97ರ ಆಸುಪಾಸಿನಲ್ಲಿ ಬಹುಮಟ್ಟಿಗೆ ಸಪಾಟಾಗಿ ಸಾಗುತ್ತದೆ. ತೀವ್ರ ಅಪ್ನಿಯಾ ಇದ್ದವರದ್ದು ಗರಗಸದ ಹಲ್ಲಿನಂತಿರುತ್ತದೆ: 95ರಿಂದ ನಿಧಾನವಾಗಿ 84ಕ್ಕೆ ಜಾರಿ, ಗೊರಕೆಯೊಂದಿಗೆ ಥಟ್ಟನೆ 95ಕ್ಕೆ ಹಾರಿ, ಮತ್ತೆ ಜಾರುತ್ತದೆ. ಇಳಿಯುವಾಗ ನಿಧಾನ, ಏರುವಾಗ ಚುರುಕು. ಅದರ ಕೆಳಗೇ ನಾಡಿಯ ಗೆರೆ. ಉಸಿರು ನಿಂತಾಗ ನಾಡಿ ತಗ್ಗುತ್ತದೆ, ಮರಳಿದಾಗ ದಡಬಡಿಸಿ ಏರುತ್ತದೆ. ಬೆಳಗಿನ ಜಾವದ ಕನಸಿನ ಹಂತಗಳಲ್ಲಿ ಸ್ನಾಯುಗಳು ಪೂರ್ತಿ ಸಡಿಲವಾಗುವುದರಿಂದ ಹಲ್ಲುಗಳು ಇನ್ನಷ್ಟು ಆಳವಾಗುತ್ತವೆ. ಇಂಥ ಗ್ರಾಫನ್ನು ಒಂದೇ ಒಂದು ಸಲ ಕಣ್ಣಾರೆ ಕಂಡ ಮನೆಯವರು ಮತ್ತೆ ಗೊರಕೆಯ ಬಗ್ಗೆ ನಗಲಾರರು. ವೈದ್ಯರ ಹತ್ತು ಮಾತಿಗಿಂತ ಈ ಗೆರೆಗೆ ಮನವೊಲಿಸುವ ಶಕ್ತಿ ಹೆಚ್ಚು ಎಂಬುದು ನನ್ನ ನಂಬಿಕೆ.

ಮೈಗೆ ಏನನ್ನೂ ತೊಡದೆಯೂ ಅಳೆಯಬಹುದು. 2015ರಲ್ಲಿ ಮುದಿತ್ ದಂಡವತೆ ಮತ್ತು ಗೌರವ್ ಪರ್ಚಾನಿ ಆರಂಭಿಸಿದ ಬೆಂಗಳೂರಿನ ಡೋಜಿ ಹಾಸಿಗೆಯಡಿ ಇಡುವ ತೆಳು ಹಾಳೆಯನ್ನು ತಯಾರಿಸುತ್ತದೆ. ಹೃದಯ ಪ್ರತಿಸಲ ರಕ್ತ ಚಿಮ್ಮಿಸಿದಾಗ ದೇಹದಲ್ಲಿ ಏಳುವ ಸೂಕ್ಷ್ಮ ಕಂಪನದಿಂದ ಅದು ನಾಡಿಯನ್ನೂ ಉಸಿರಿನ ವೇಗವನ್ನೂ ಲೆಕ್ಕಹಾಕುತ್ತದೆ. ನಿದ್ರೆಯ ಸಾಧನವಾಗಿ ಜನರಿಗೆ ಪರಿಚಯವಾದ ಇದು ಕೋವಿಡ್ ಕಾಲದಲ್ಲಿ ಆಸ್ಪತ್ರೆಯ ವಾರ್ಡುಗಳನ್ನು ಹೊಕ್ಕಿತು. 2019ರಲ್ಲಿ ಹುಟ್ಟಿದ ಬೆಂಗಳೂರಿನದೇ ಅಲ್ಟ್ರಾಹ್ಯೂಮನ್ ಬೆರಳಿಗೆ ತೊಡುವ ಉಂಗುರ ತಯಾರಿಸುತ್ತದೆ. ಬೆರಳಿನಲ್ಲಿ ರಕ್ತದ ಹರಿವು ಮಣಿಕಟ್ಟಿಗಿಂತ ಚೆನ್ನಾಗಿರುವುದರಿಂದ ಬೆಳಕಿನ ಸಂಕೇತ ಅಲ್ಲಿ ಹೆಚ್ಚು ಸ್ಪಷ್ಟ. ನಾಡಿ ಮತ್ತು ನಿದ್ರೆಯ ಅವಧಿಗೆ ಇಂಥ ಸಾಧನಗಳು ಉಪಯುಕ್ತ. ಆದರೆ ಅಪ್ನಿಯಾ ಇದೆ ಅಥವಾ ಇಲ್ಲ ಎಂದು ಹೇಳುವ ಅನುಮತಿ ಬೇರೆಯೇ ವಿಷಯ. ಪೆಟ್ಟಿಗೆಯ ಮೇಲೆ ‘ವೈದ್ಯಕೀಯ ಉಪಯೋಗಕ್ಕಲ್ಲ’ ಎಂದು ಸಣ್ಣಕ್ಷರದಲ್ಲಿ ಇದ್ದರೆ ಅದನ್ನು ಕೊಳ್ಳುವವರು ಓದಬೇಕು.

ಎಚ್ಚರಿಕೆಯ ಬೆಲೆ

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಸ್ಯಾಮ್‌ಸಂಗ್ ಗಡಿಯಾರಕ್ಕೂ ಸೆಪ್ಟೆಂಬರಿನಲ್ಲಿ ಆಪಲ್ ಗಡಿಯಾರಕ್ಕೂ ಅಪ್ನಿಯಾ ಸುಳಿವು ನೀಡುವ ಸೌಲಭ್ಯಕ್ಕೆ ಒಪ್ಪಿಗೆ ಕೊಟ್ಟಿತು. ಸ್ಯಾಮ್‌ಸಂಗ್ ಹತ್ತು ದಿನದೊಳಗೆ ಎರಡು ರಾತ್ರಿ, ತಲಾ ನಾಲ್ಕು ಗಂಟೆಗೂ ಹೆಚ್ಚಿನ ದಾಖಲೆ ಕೇಳುತ್ತದೆ, ಆಮ್ಲಜನಕದ ಏರಿಳಿತ ನೋಡುತ್ತದೆ. ಆಪಲ್ 30 ದಿನಗಳ ಅವಧಿಯ ಹಲವು ರಾತ್ರಿಗಳನ್ನು ಒಟ್ಟಿಗಿಟ್ಟು, ಮಣಿಕಟ್ಟಿನ ಚಲನೆಯಿಂದಲೇ ಉಸಿರಿನ ಅಡಚಣೆ ಎಣಿಸುತ್ತದೆ. ಎರಡೂ ಹುಡುಕುವುದು ಮಧ್ಯಮ ಮತ್ತು ತೀವ್ರ ರೋಗವನ್ನು ಮಾತ್ರ. ತಯಾರಕರ ಪರೀಕ್ಷೆಗಳಲ್ಲಿ ಆಪಲ್ ಅಂಥ ರೋಗಿಗಳಲ್ಲಿ ಸುಮಾರು ಶೇ. 66 ಜನರನ್ನು ಗುರುತಿಸಿತು, ಆ ಹಂತದ ರೋಗವಿಲ್ಲದವರಲ್ಲಿ ಶೇ. 98.5 ಮಂದಿಯನ್ನು ಸರಿಯಾಗಿಯೇ ಎಚ್ಚರಿಸದೆ ಬಿಟ್ಟಿತು. ಸ್ಯಾಮ್‌ಸಂಗ್ ಅಂಕಿ ಸುಮಾರು ಶೇ. 83 ಮತ್ತು ಶೇ. 88.

ಈ ಶೇಕಡಾವಾರುಗಳನ್ನು ಒಂದು ಹೋಬಳಿಯ ಲೆಕ್ಕಕ್ಕೆ ಇಳಿಸಿದರೆ ಅರ್ಥ ತಿಳಿಯಾಗುತ್ತದೆ. ಏಮ್ಸ್ ಅಂದಾಜನ್ನೇ ಹಿಡಿದರೆ ಸಾವಿರ ವಯಸ್ಕರಲ್ಲಿ ಸುಮಾರು 50 ಜನರಿಗೆ ಮಧ್ಯಮ ಅಥವಾ ತೀವ್ರ ಅಪ್ನಿಯಾ. ಆ ಸಾವಿರ ಜನರೂ ಗಡಿಯಾರ ಕಟ್ಟಿ ಮಲಗಿದರೆ, ಆಪಲ್ ಬಗೆಯದು 33 ಜನರನ್ನು ಹಿಡಿದು 17 ಜನರನ್ನು ಕೈಬಿಡುತ್ತದೆ, ಉಳಿದವರಲ್ಲಿ ಸುಮಾರು 14 ಜನರಿಗೆ ಸುಮ್ಮನೆ ಗಾಬರಿ ಹುಟ್ಟಿಸುತ್ತದೆ. ಸ್ಯಾಮ್‌ಸಂಗ್ ಬಗೆಯದು 41 ಜನರನ್ನು ಹಿಡಿಯುತ್ತದೆ, ಆದರೆ ಉಳಿದವರಲ್ಲಿ ನೂರಕ್ಕೂ ಹೆಚ್ಚು ಜನರನ್ನು ಪರೀಕ್ಷೆಗೆ ಅಟ್ಟುತ್ತದೆ. ನಿದ್ರಾ ಪ್ರಯೋಗಾಲಯ ಹತ್ತಿರವಿರುವ ನಗರದಲ್ಲಿ ಎರಡನೆಯ ಬಗೆ ಸರಿಹೋದೀತು. ಘಾಟಿ ಇಳಿದು ಹೋಗಬೇಕಾದ ಊರಿನಲ್ಲಿ ಪ್ರತಿ ಸುಳ್ಳು ಎಚ್ಚರಿಕೆಗೂ ಬಸ್ ಚಾರ್ಜು, ಕೂಲಿ, ಆತಂಕದ ಬೆಲೆಯಿದೆ. ಕೈಬಿಟ್ಟ 17 ಜನರ ಸ್ಥಿತಿ ಇನ್ನೂ ಕಷ್ಟದ್ದು, ಏಕೆಂದರೆ ‘ಗಡಿಯಾರ ಏನೂ ಹೇಳಲಿಲ್ಲ’ ಎಂಬ ಧೈರ್ಯದಲ್ಲಿ ಅವರು ವೈದ್ಯರ ಬಳಿ ಹೋಗುವುದನ್ನೇ ನಿಲ್ಲಿಸಬಹುದು. ಎಚ್ಚರಿಕೆ ಬಂದರೆ ಪರೀಕ್ಷೆ ಮಾಡಿಸಬೇಕು. ಬಾರದಿದ್ದರೂ ಲಕ್ಷಣಗಳಿದ್ದರೆ ಮಾಡಿಸಬೇಕು. ಇದರಲ್ಲಿ ರಿಯಾಯಿತಿಯಿಲ್ಲ.

ಇನ್ನೊಂದು ತೊಂದರೆ ಚರ್ಮದ ಬಣ್ಣದ್ದು. 2020ರಲ್ಲಿ ಅಮೆರಿಕದ ಮಿಷಿಗನ್‌ನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಆಕ್ಸಿಮೀಟರ್ ಸರಿಯಾದ ಅಂಕಿ ತೋರುತ್ತಿದ್ದಾಗಲೂ ರಕ್ತದಲ್ಲಿ ಆಮ್ಲಜನಕ ಕುಸಿದಿದ್ದ ಪ್ರಸಂಗಗಳು ಕಪ್ಪುವರ್ಣೀಯರಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿದ್ದವು. ಆಸ್ಪತ್ರೆಯ ಉಪಕರಣದ ಕತೆಯೇ ಹೀಗಿದ್ದಮೇಲೆ ಮಣಿಕಟ್ಟಿನ ಸೆನ್ಸರನ್ನು ನಮ್ಮ ಬಣ್ಣದ, ಬಿಸಿಲಿಗೆ ಕಂದಿದ ಕೈಗಳ ಮೇಲೆ ಪ್ರತ್ಯೇಕವಾಗಿ ಪರೀಕ್ಷಿಸದೆ ನಂಬುವುದು ತಪ್ಪು.

ಕಾಫಿ ಸೀಮೆಯ ರಾತ್ರಿಗಳು

ಸಾಧನ ರೂಪಿಸುವವರ ಮನಸ್ಸಿನಲ್ಲಿರುವುದು ಹತ್ತಕ್ಕೆ ಮಲಗಿ ಆರಕ್ಕೆ ಏಳುವ ಕಚೇರಿಯ ನೌಕರ. ತೋಟದ ರಾತ್ರಿ ಬೇರೆ. ಫೆಬ್ರುವರಿ, ಮಾರ್ಚಿನಲ್ಲಿ ಹೂವಿನ ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು, ತ್ರೀಫೇಸ್ ಕರೆಂಟು ಬರುವ ಹೊತ್ತಿಗೆ ಎದ್ದು ಪಂಪ್ ಚಾಲೂ ಮಾಡಬೇಕು, ಪೈಪ್ ಬದಲಿಸಬೇಕು. ಕೊಯ್ಲಿನ ತಿಂಗಳುಗಳಲ್ಲಿ ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕಿ ಮುಗಿಸುವಷ್ಟರಲ್ಲಿ ನಡುರಾತ್ರಿ. ಮೂಡಿಗೆರೆಯ ಕಡೆ ಆನೆ ಬಂದ ಸುದ್ದಿ ಹರಡಿದರೆ ಊರೇ ಎಚ್ಚರ. ಹೀಗೆ ತುಂಡುತುಂಡಾದ ನಿದ್ರೆಯನ್ನು ಗಡಿಯಾರ ಕಳಪೆ ಅಂಕದೊಂದಿಗೆ ತೋರಿಸುತ್ತದೆ. ಅದು ಕಾಯಿಲೆಯೋ ಕೆಲಸದ ಹೊರೆಯೋ ಎಂದು ತಿಳಿಯುವುದು ಮಲಗಿದವರನ್ನು ಕೇಳಿದಾಗಲೇ. ನಾಲ್ಕು ಗಂಟೆಯ ದಾಖಲೆ ಬೇಕೆನ್ನುವ ಸಾಧನಕ್ಕೆ ಸ್ಪ್ರಿಂಕ್ಲರ್ ಕಾಲದಲ್ಲಿ ಅಷ್ಟು ಹೊತ್ತಿನ ಒಂದೇ ನಿದ್ರೆ ಸಿಗುವುದೇ ಕಷ್ಟ.

ಚಳಿಯೂ ಲೆಕ್ಕಕ್ಕೆ ಬರುತ್ತದೆ. ಡಿಸೆಂಬರ್, ಜನವರಿಯ ರಾತ್ರಿ ಕಂಬಳಿಯ ಹೊರಗಿಟ್ಟ ಕೈಯಲ್ಲಿ ರಕ್ತನಾಳಗಳು ಮುದುಡಿ ಬೆಳಕಿನ ಸಂಕೇತ ಮಸುಕಾಗುತ್ತದೆ. ಮುಂಗೈ ಮೇಲೆ ಹಚ್ಚೆ ಹಾಕಿಸಿಕೊಂಡ ಹಿರಿಯ ಹೆಂಗಸರಲ್ಲಿ ಆ ಕಡುಬಣ್ಣ ಬೆಳಕನ್ನೇ ಹೀರಿಬಿಡಬಹುದು. ಬಳೆಗಳ ಸಾಲಿನ ಹಿಂದೆ ಸಡಿಲವಾಗಿ ಕಟ್ಟಿದ ಪಟ್ಟಿ ಚರ್ಮಕ್ಕೆ ತಾಗುವುದಿಲ್ಲ. ಹಚ್ಚೆಯಿಲ್ಲದ ಕೈಗೆ, ಮಣಿಕಟ್ಟಿನ ಮೂಳೆಗಿಂತ ತುಸು ಮೇಲೆ, ಬಿಗಿಯಾಗಿ ಕಟ್ಟಿದರೆ ಅರ್ಧ ಸಮಸ್ಯೆ ನೀಗುತ್ತದೆ. ಎತ್ತರದ ಬಗ್ಗೆ ಮಾತ್ರ ಅಂಜಬೇಕಿಲ್ಲ. ಚಿಕ್ಕಮಗಳೂರು ಪಟ್ಟಣ ಸಾವಿರ ಮೀಟರಿಗಿಂತ ಸ್ವಲ್ಪ ಮೇಲಿದೆ, ಮುಳ್ಳಯ್ಯನಗಿರಿಯ ತುದಿಯೇ ಸುಮಾರು 1,930 ಮೀಟರು. ತೆಳುಗಾಳಿಯಿಂದ ನಿದ್ರೆಯಲ್ಲಿ ಉಸಿರು ಏರುಪೇರಾಗುವ ತೊಂದರೆ ಸಾಮಾನ್ಯವಾಗಿ ಶುರುವಾಗುವುದು ಅದಕ್ಕೂ ಮೇಲೆ, ಹಿಮಾಲಯದಂಥ ಎತ್ತರಗಳಲ್ಲಿ.

ಕಾಫಿಯನ್ನು ಬಿಟ್ಟು ಈ ಸೀಮೆಯ ನಿದ್ರೆಯ ಮಾತಾಡುವಂತಿಲ್ಲ. ದಿನವಿಡೀ ಮಿದುಳಿನಲ್ಲಿ ಸಂಗ್ರಹವಾಗಿ ನಿದ್ರೆ ತರುವ ಅಡೆನೊಸಿನ್ ಎಂಬ ವಸ್ತುವಿನ ಕೆಲಸಕ್ಕೆ ಕೆಫೀನ್ ಅಡ್ಡ ನಿಲ್ಲುತ್ತದೆ. ಕುಡಿದದ್ದರಲ್ಲಿ ಅರ್ಧ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. 400 ಮಿಲಿಗ್ರಾಂ ಕೆಫೀನನ್ನು ಮಲಗುವ ಆರು ಗಂಟೆ ಮುಂಚೆ ಕೊಟ್ಟರೂ ನಿದ್ರೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾದದ್ದನ್ನು 2013ರ ಅಮೆರಿಕದ ಪ್ರಯೋಗವೊಂದು ತೋರಿಸಿತು. ಅಪ್ನಿಯಾ ಇದ್ದವರು ಹಗಲಿನ ತೂಕಡಿಕೆ ಕಳೆಯಲು ಲೋಟದ ಮೇಲೆ ಲೋಟ ಕಾಫಿ ಕುಡಿಯುತ್ತಾರೆ. ಕಾಯಿಲೆ ಹಾಗೇ ಉಳಿದು, ಅದರ ಗುರುತು ಮಾತ್ರ ಮುಚ್ಚಿಹೋಗುತ್ತದೆ.

ಈ ತೂಕಡಿಕೆ ಅತ್ಯಂತ ಅಪಾಯಕಾರಿಯಾಗುವುದು ರಸ್ತೆಯಲ್ಲಿ. ಅಪ್ನಿಯಾ ಇರುವ ಚಾಲಕರಿಗೆ ಅಪಘಾತದ ಸಂಭವ ಎರಡು ಪಟ್ಟಿಗೂ ಮಿಗಿಲು ಎಂಬುದು ಅನೇಕ ಅಧ್ಯಯನಗಳ ಸಾರ. ಚಾರ್ಮಾಡಿಯ ತಿರುವುಗಳಲ್ಲಿ ಮಂಜಿನ ನಡುವೆ ಬಸ್ಸು, ಲಾರಿ, ಜೀಪು ಓಡಿಸುವವರ ಒಂದು ಕ್ಷಣದ ಜೊಂಪಿಗೆ ಎಷ್ಟು ಜನ ಬೆಲೆ ತೆರಬೇಕು ಎಂಬುದು ಆ ದಾರಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಚಾಲಕರು ತಪಾಸಣೆಗೆ ಹಿಂಜರಿಯುವುದಕ್ಕೂ ಕಾರಣವಿದೆ: ಕಾಯಿಲೆ ಪತ್ತೆಯಾದರೆ ಕೆಲಸ ಹೋದೀತೆಂಬ ಭಯ. ಗಡಿಯಾರದ ಮಾಹಿತಿ ಮಾಲೀಕರ ಕೈಗೆ ನೇರವಾಗಿ ಸೇರುವಂತಾದರೆ ಆ ಭಯ ಇಮ್ಮಡಿಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಒಪ್ಪಿಗೆಗೆ ಬಹಳ ಮಹತ್ವ ಕೊಡುತ್ತದೆ. ಚಾಲಕರ ನಿದ್ರೆಯ ದಾಖಲೆ ಮೊದಲು ಅವರಿಗೆ, ಆಮೇಲೆ ಅವರ ವೈದ್ಯರಿಗೆ ಸಿಗಬೇಕು, ಚಿಕಿತ್ಸೆ ಪಡೆದವರ ಕೆಲಸ ಉಳಿಯಬೇಕು. ಹಾಗಲ್ಲದೆ ಯಾವ ತಪಾಸಣಾ ಯೋಜನೆಯೂ ಫಲಿಸದು.

ಎಚ್ಚರಿಕೆಯ ನಂತರ

ಗಡಿಯಾರ ಇಲ್ಲದೆಯೂ ಮೊದಲ ಹೆಜ್ಜೆ ಇಡಬಹುದು. ಟೊರೊಂಟೊದ ಅರಿವಳಿಕೆ ತಜ್ಞೆ ಫ್ರಾನ್ಸಿಸ್ ಚುಂಗ್ ತಂಡ 2008ರಲ್ಲಿ ಪ್ರಕಟಿಸಿದ ಸ್ಟಾಪ್-ಬ್ಯಾಂಗ್ ಪ್ರಶ್ನಾವಳಿಯಲ್ಲಿ ಎಂಟೇ ಪ್ರಶ್ನೆ: ಜೋರಾದ ಗೊರಕೆ, ಹಗಲಿನ ದಣಿವು, ಉಸಿರು ನಿಂತದ್ದನ್ನು ಯಾರಾದರೂ ಕಂಡದ್ದು, ಬಿ.ಪಿ., ತೂಕ, 50 ದಾಟಿದ ವಯಸ್ಸು, 40 ಸೆಂಟಿಮೀಟರ್ ಮೀರಿದ ಕುತ್ತಿಗೆ, ಗಂಡಸಾಗಿರುವುದು. ಮೂರಕ್ಕೆ ಹೌದೆಂದರೆ ಅನುಮಾನ, ಐದಕ್ಕೆ ಹೌದೆಂದರೆ ಬಲವಾದ ಅನುಮಾನ. ಇದಕ್ಕೆ ಬೇಕಾದದ್ದು ಒಂದು ಅಳತೆ ಟೇಪು, ತೂಕದ ಯಂತ್ರ ಮತ್ತು ಪಕ್ಕದಲ್ಲಿ ಮಲಗುವವರ ಮಾತು. ಹೋಬಳಿ ಮಟ್ಟದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ಮತ್ತು ಸಕ್ಕರೆ ನೋಡುವ ದಿನವೇ ಇದನ್ನೂ ಕೇಳಿ ಬರೆದುಕೊಳ್ಳಬಹುದು. ಸೆನ್ಸರ್‌ಗಳ ನಿಜವಾದ ಸ್ಥಾನ ಇದರ ನಂತರ ಬರುತ್ತದೆ. ಅನುಮಾನವಿದ್ದವರಿಗೆ ಎರಡು ರಾತ್ರಿ ದಾಖಲೆ ಇಡುವ ಆಕ್ಸಿಮೀಟರ್, ಅದರಲ್ಲಿ ಗರಗಸದ ಗೆರೆ ಕಂಡವರಿಗೆ ಮೂಗಿನ ನಳಿಕೆ ಮತ್ತು ಎದೆಪಟ್ಟಿಯಿರುವ ಮನೆ ಪರೀಕ್ಷೆ. ಬೇರೆ ದೊಡ್ಡ ಕಾಯಿಲೆಯಿಲ್ಲದ, ರೋಗದ ಅನುಮಾನ ಬಲವಾಗಿರುವ ವಯಸ್ಕರಿಗೆ ಮನೆ ಪರೀಕ್ಷೆ ಸಾಕೆಂದು ಅಮೆರಿಕದ ನಿದ್ರಾವೈದ್ಯರ ಸಂಘವೂ 2017ರಲ್ಲಿ ಒಪ್ಪಿದೆ. ಹೃದಯ ಅಥವಾ ಶ್ವಾಸಕೋಶದ ಗಂಭೀರ ತೊಂದರೆಯಿದ್ದವರು ಪ್ರಯೋಗಾಲಯಕ್ಕೆ ಹೋಗಬೇಕಾಗುತ್ತದೆ.

ಅಂಕಗಳ ಗೀಳೂ ಒಂದು ತೊಂದರೆಯೇ. ಗಡಿಯಾರದ ನಿದ್ರಾಂಕ ಹೆಚ್ಚಿಸುವ ಹಟದಿಂದಲೇ ನಿದ್ದೆಗೆಟ್ಟವರನ್ನು ವೈದ್ಯರು 2017ರಲ್ಲಿ ಆರ್ಥೋಸೋಮ್ನಿಯಾ ಎಂದು ಹೆಸರಿಸಿ ವರದಿ ಮಾಡಿದರು. ಅಂಥವರು ಕೆಲವು ವಾರ ಗಡಿಯಾರ ಬಿಚ್ಚಿಟ್ಟು ಮಲಗುವುದು ಒಳಿತು.

ಸೌಮ್ಯ ರೋಗಕ್ಕೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ರಾತ್ರಿಯ ಮದ್ಯ ಬಿಡುವುದು, ಕೆಲವರಿಗೆ ದವಡೆ ಮುಂದೆ ತರುವ ದಂತಸಾಧನ ಸಾಕಾಗುತ್ತದೆ. ಮಧ್ಯಮ ಮತ್ತು ತೀವ್ರ ರೋಗಕ್ಕೆ ಸಿಪ್ಯಾಪ್ ಬೇಕು. ಯಂತ್ರಕ್ಕೆ ಹತ್ತಾರು ಸಾವಿರ ರೂಪಾಯಿ, ಅದಕ್ಕಿಂತ ಹೆಚ್ಚಾಗಿ ರಾತ್ರಿಯಿಡೀ ಕರೆಂಟು. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಮಳೆಗೆ ಮರ ಉರುಳಿ ತಂತಿ ಹರಿದರೆ ಒಳತೋಟದ ಮನೆಗಳಿಗೆ ದಿನಗಟ್ಟಲೆ ಕರೆಂಟಿಲ್ಲ. ಗಾಳಿಯನ್ನು ಬೆಚ್ಚಗಾಗಿಸಿ ತೇವಗೊಳಿಸುವ ಭಾಗವನ್ನು ನಿಲ್ಲಿಸಿದರೆ ಯಂತ್ರಕ್ಕೆ ಬೇಕಾಗುವ ವಿದ್ಯುತ್ ಬಹಳ ಕಡಿಮೆ, ಮನೆಯ ಇನ್ವರ್ಟರಿನಲ್ಲಿ ರಾತ್ರಿ ಕಳೆಯಬಹುದು. ಮಲೆನಾಡಿನ ಮಳೆಗಾಲದ ಹವೆಯಲ್ಲಿ ಆ ತೇವದ ಅಗತ್ಯವೂ ಹೆಚ್ಚಿರುವುದಿಲ್ಲ. ಆದರೆ ಅದೇ ಹವೆಯಲ್ಲಿ ತೊಳೆದ ಮಾಸ್ಕು, ಟ್ಯೂಬು ಒಣಗದೆ ಬೂಷ್ಟು ಹಿಡಿಯುತ್ತವೆ, ಹಾಗೆಂದು ಒಲೆಯ ಹೊಗೆಯ ಮೇಲೆ ತೂಗುಹಾಕುವಂತಿಲ್ಲ. ಮಾಸ್ಕನ್ನು ಬಹಳ ಜನ ಬಿಟ್ಟುಬಿಡುವುದು ಮೊದಲ ಕೆಲವು ವಾರಗಳಲ್ಲಿ, ಮೂಗಿನ ಹತ್ತಿರ ಗಾಳಿ ಸೋರುವುದು, ಬಾಯಿ ಒಣಗುವುದು ಮುಂತಾದ ಸಣ್ಣ ಕಾರಣಗಳಿಗೆ. ಯಂತ್ರ ಎಷ್ಟು ಗಂಟೆ ನಡೆಯಿತು, ಉಸಿರು ಇನ್ನೂ ಎಷ್ಟು ಸಲ ಕಟ್ಟಿತು ಎಂಬುದನ್ನು ಯಂತ್ರವೇ ದಾಖಲಿಸಿಕೊಳ್ಳುವುದರಿಂದ, ಆಸ್ಪತ್ರೆಯವರು ಆ ವಾರಗಳಲ್ಲಿ ದಾಖಲೆ ನೋಡಿ ಒಂದು ಫೋನ್ ಮಾಡಿ ಮಾಸ್ಕಿನ ಅಳತೆ ಸರಿಪಡಿಸಿಕೊಟ್ಟರೆ ರೋಗಿ ಘಾಟಿ ಇಳಿಯದೆಯೇ ಚಿಕಿತ್ಸೆ ಮುಂದುವರಿಸಬಹುದು.